ಬಿಸಿನೀರಿನ ತೊಟ್ಟಿ ಮತ್ತು ಇಬ್ಬರು ಮಕ್ಕಳು

ನನ್ನ ಬಳಿ ವಿಜ್ಞಾನ ಕಲಿತ ವಿದ್ಯಾರ್ಥಿನಿಯೊಬ್ಬಳು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬ ಊರಿನಲ್ಲಿ ಸಂಸಾರ ಹೂಡಿದ್ದಾಳೆ. ಕಳೆದ ತಿಂಗಳು ಅವಳಿಂದ ಒಂದು ಪತ್ರ ಬಂದಿತು. ಕುಶಲದ ಮಾತೆಲ್ಲ ಮುಗಿದ ಮೇಲೆ ಅವಳು ಹೀಗೆ ಬರೆದಿದ್ದಳು: “ಮೇಷ್ಟ್ರೇ, ನಗಬೇಡಿ. ಮನೆಯ ಹಿತ್ತಲಿಗೆ ಒಂದು ಹಾಟ್ ಟಬ್ ಕೊಳ್ಳಬೇಕೆಂದಿದ್ದೇವೆ. ಅಮ್ಮ ಇನ್ನು ನಮ್ಮ ಜೊತೆಯಲ್ಲೇ ಇರುತ್ತಾರೆ. ಅವರಿಗೆ ಮಂಡಿನೋವು, ಬೆಳಗ್ಗೆ ಏಳುವಾಗ ಬೆರಳು ಮಡಿಸಲೂ ಆಗುವುದಿಲ್ಲ. ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀವೇನು ಹೇಳುತ್ತೀರಿ?” ಕೊನೆಯ ಸಾಲಿನಲ್ಲಿ, ಮಗಳಿಗೆ ಆರು ತುಂಬಿತು, ಈ ವಿಷಯ ಕೇಳಿದಾಗಿನಿಂದ ಕುಣಿಯುತ್ತಿದ್ದಾಳೆ ಎಂದೂ ಇತ್ತು.

ನನಗೆ ನಗು ಬಂದದ್ದು ನಿಜ. ಹಾಟ್ ಟಬ್ಬನ್ನು ನಾನು ಕೊಂಡವನಲ್ಲ, ಅದರಲ್ಲಿ ಕುಳಿತವನೂ ಅಲ್ಲ. ನಮ್ಮ ಕಾಲದ ಬಿಸಿನೀರೆಂದರೆ ಬಚ್ಚಲುಮನೆಯ ಒಲೆಯ ಮೇಲಿನ ತಾಮ್ರದ ಹಂಡೆ, ತೆಂಗಿನ ಗರಿಯ ಉರಿ, ಹಿತ್ತಾಳೆಯ ಚೊಂಬು, ಅಷ್ಟೆ. ಆದರೆ ಪತ್ರವನ್ನು ಎರಡನೆಯ ಸಲ ಓದುವಾಗ ನಗು ನಿಂತಿತು. ಒಂದು ಮನೆಯಲ್ಲಿ ಕೀಲುನೋವಿನ ಅಜ್ಜಿ, ಅದೇ ಮನೆಯಲ್ಲಿ ಆರು ವರ್ಷದ ಮೊಮ್ಮಗಳು. ಈ ತೊಟ್ಟಿಯ ಇತಿಹಾಸವನ್ನು ಅಲ್ಪಸ್ವಲ್ಪ ಓದಿಕೊಂಡಿದ್ದ ನನಗೆ, ಆ ಇತಿಹಾಸದಲ್ಲಿ ಬರುವ ಇಬ್ಬರು ಮಕ್ಕಳ ನೆನಪಾಯಿತು. ಒಬ್ಬ ಮಗುವಿನ ನೋವಿನಿಂದ ಈ ವಸ್ತು ಹುಟ್ಟಿತು. ಇನ್ನೊಬ್ಬ ಮಗುವಿನ ಸಾವಿನಿಂದ ಇದರ ಕಾನೂನು ಹುಟ್ಟಿತು. ಒಂದು ವಸ್ತು ಯಾರ ಯಾವ ಕಷ್ಟಕ್ಕಾಗಿ ಹುಟ್ಟಿತೆಂದು ತಿಳಿದರೆ, ಅದು ನಮಗೆ ಬೇಕೇ ಬೇಡವೇ, ಬೇಕಾದರೆ ಎಂಥದು ಬೇಕು ಎಂಬುದು ತಾನಾಗಿ ತಿಳಿಯುತ್ತದೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಅವಳಿಗೆ ಬರೆದ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ಹಳೆಯ ಬಯಕೆ

ಬೆಚ್ಚನೆಯ ನೀರಿನಲ್ಲಿ ಮೈಮುಳುಗಿಸಿ ಕುಳಿತುಕೊಳ್ಳುವ ಬಯಕೆ ಅಮೆರಿಕದವರದೇ ಏನಲ್ಲ. ರೋಮನ್ನರು ನೆಲವನ್ನು ಗಿಡ್ಡನೆಯ ಇಟ್ಟಿಗೆ ಕಂಬಗಳ ಮೇಲೆ ಎತ್ತಿ ಕಟ್ಟಿ, ಕೆಳಗಿನ ಟೊಳ್ಳಿನಲ್ಲಿ ಒಲೆಯ ಬಿಸಿಗಾಳಿಯನ್ನು ಹಾಯಿಸಿ, ಇಡೀ ಸ್ನಾನಗೃಹವನ್ನೇ ಬಿಸಿ ಮಾಡುತ್ತಿದ್ದರು. ಕ್ರಿ.ಶ. 216ರಲ್ಲಿ ರೋಮಿನಲ್ಲಿ ತೆರೆದ ಕ್ಯಾರಕಲ್ಲ ಚಕ್ರವರ್ತಿಯ ಸ್ನಾನಗೃಹದ ಗೋಡೆಗಳು ಇಂದಿಗೂ ನಿಂತಿವೆ. ಜಪಾನಿನಲ್ಲಿ ಮನೆಮನೆಗೂ ಆಳವಾದ ತೊಟ್ಟಿ. ಸುಮಾರು 40ರಿಂದ 42 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂರುವುದು ಅಲ್ಲಿ ದಿನನಿತ್ಯದ ಮಾತು. ಆದರೆ ಜಪಾನೀಯರ ಒಂದು ಕಟ್ಟುನಿಟ್ಟಿನ ಪದ್ಧತಿಯನ್ನು ಗಮನಿಸಬೇಕು. ಅವರು ತೊಟ್ಟಿಯ ಹೊರಗೆ ಕುಳಿತು, ಸೋಪು ಹಚ್ಚಿ, ಮೈಕೊಳೆಯನ್ನೆಲ್ಲ ತೊಳೆದುಕೊಂಡು, ಆಮೇಲಷ್ಟೇ ನೀರಿಗೆ ಇಳಿಯುತ್ತಾರೆ. ತೊಟ್ಟಿ ಇರುವುದು ಮೈ ತೊಳೆಯುವುದಕ್ಕಲ್ಲ, ಮೈ ಸಡಿಲಿಸುವುದಕ್ಕೆ. ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಅದೇ ನೀರಿಗೆ ಇಳಿಯುವುದರಿಂದ ಈ ನಿಯಮ ಅಲ್ಲಿ ಮರ್ಯಾದೆಯ ಪ್ರಶ್ನೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ನಮ್ಮವರಿಗೂ ಇದು ಹೊಸತಲ್ಲ. ಚರಕಸಂಹಿತೆಯು ಹದಿಮೂರು ಬಗೆಯ ಸ್ವೇದಕರ್ಮಗಳನ್ನು, ಅಂದರೆ ಬೆವರಿಸುವ ಚಿಕಿತ್ಸೆಗಳನ್ನು ಹೇಳುತ್ತದೆ. ಅವುಗಳಲ್ಲೊಂದು ಅವಗಾಹ. ಕಷಾಯವನ್ನೋ ಹಾಲನ್ನೋ ಬಿಸಿನೀರನ್ನೋ ತುಂಬಿದ ತೊಟ್ಟಿಯಲ್ಲಿ ರೋಗಿಯನ್ನು ಕೂರಿಸುವುದೇ ಈ ಚಿಕಿತ್ಸೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳ ಸಾಲಿನಲ್ಲಿ ಸ್ನಾನಭೋಗಕ್ಕೂ ಒಂದು ಸ್ಥಾನವಿದೆ. ಆದರೆ ಜನಸಾಮಾನ್ಯರ ಮನೆಯಲ್ಲಿ ನಾವು ಕುಳಿತದ್ದು ನೀರಿನೊಳಗಲ್ಲ, ಬಚ್ಚಲ ಕಲ್ಲಿನ ಮೇಲೆ. ಮೈಮೇಲೆ ಬಿದ್ದ ನೀರು ಕೊಳೆಯನ್ನೂ ಎಣ್ಣೆಯನ್ನೂ ಹೊತ್ತುಕೊಂಡು ಹಿತ್ತಲಿನ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ನಮ್ಮ ಸ್ನಾನದ ನೀರು ಹರಿದು ಹೋಗುವ ನೀರು. ತೊಟ್ಟಿಯ ನೀರು ನಿಲ್ಲುವ ನೀರು. ಹಾಟ್ ಟಬ್ ಕೊಳ್ಳುವ ಕನ್ನಡಿಗರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಭೇದ ಇದೇ.

ಏಳು ಜನ ಸೋದರರು

ಈಗ ಮೊದಲನೆಯ ಮಗುವಿನ ಕಥೆ. ಇದು ನನ್ನ ಶಿಷ್ಯೆ ಇರುವ ಫ್ರೀಮಾಂಟಿನಿಂದ ಬಹುದೂರವಲ್ಲದ ಬರ್ಕ್ಲಿ ನಗರದಲ್ಲಿ ನಡೆದದ್ದು.

ಇಟಲಿಯ ಈಶಾನ್ಯದಲ್ಲಿ ಫ್ರಿಯೂಲಿ ಎಂಬ ಪ್ರಾಂತವಿದೆ. ಅಲ್ಲಿಯ ಜಕೂಜಿ ಎಂಬ ಮನೆತನದಲ್ಲಿ ಏಳು ಜನ ಗಂಡುಮಕ್ಕಳು, ಆರು ಜನ ಹೆಣ್ಣುಮಕ್ಕಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಟ್ಟೆಪಾಡಿಗಾಗಿ ಒಬ್ಬೊಬ್ಬರಾಗಿ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದರು. ಸೋದರರು 1915ರಲ್ಲಿ ಬರ್ಕ್ಲಿಯಲ್ಲಿ ಒಂದು ಕಾರ್ಖಾನೆ ಆರಂಭಿಸಿದರು. ಅವರು ಆಗ ತಯಾರಿಸುತ್ತಿದ್ದದ್ದು ತೊಟ್ಟಿಯಲ್ಲ, ವಿಮಾನದ ಮರದ ರೆಕ್ಕೆಚಕ್ರ, ಅಂದರೆ ಪ್ರೊಪೆಲರ್. ಮುಂದೆ ಮುಚ್ಚಿದ ಕೋಣೆಯಿರುವ ಒಂದು ಪುಟ್ಟ ವಿಮಾನವನ್ನೂ ಕಟ್ಟಿದರು. 1921ರಲ್ಲಿ ಆ ವಿಮಾನ ಮೊಡೆಸ್ಟೊ ಎಂಬಲ್ಲಿ ಬಿದ್ದು ಅದರಲ್ಲಿದ್ದ ನಾಲ್ವರೂ ಸತ್ತರು. ಸತ್ತವರಲ್ಲಿ ಜಕೂಜಿ ಸೋದರರಲ್ಲೊಬ್ಬನಾದ ಜೊಕೊಂಡೊ ಸಹ ಇದ್ದ. ಆ ದುಃಖದಲ್ಲಿ ಮನೆಯವರು ವಿಮಾನದ ಸಹವಾಸವನ್ನೇ ಬಿಟ್ಟರು.

ಗಾಳಿಯಿಂದ ನೀರಿಗೆ ಅವರ ಬುದ್ಧಿ ಹೊರಳಿದ್ದು ಹೀಗೆ. 1926ರಲ್ಲಿ ಹಿರಿಯಣ್ಣ ರಕೇಲೆಯು ಆಳವಾದ ಬಾವಿಯಿಂದ ನೀರೆತ್ತುವ ಜೆಟ್ ಪಂಪನ್ನು ರೂಪಿಸಿದ. ನಮ್ಮೂರಿನ ಮನೆಗಳ ಬಾವಿಗಳಲ್ಲಿ ಎರಡು ಕೊಳವೆಗಳನ್ನು ಇಳಿಬಿಟ್ಟು ಕೂರಿಸುತ್ತಿದ್ದ ಜೆಟ್ ಪಂಪು ನೆನಪಿದೆಯಲ್ಲವೇ? ಅದೇ ತತ್ತ್ವ. ಒಂದು ಕೊಳವೆಯಿಂದ ಕೆಳಗಿಳಿದ ನೀರು ಕಿರಿದಾದ ಬಾಯಿಯ ಮೂಲಕ ರಭಸದಿಂದ ಚಿಮ್ಮುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ. ತಗ್ಗಿದ ಒತ್ತಡದ ಜಾಗಕ್ಕೆ ಸುತ್ತಲಿನ ನೀರು ನುಗ್ಗಿ ಇನ್ನೊಂದು ಕೊಳವೆಯಲ್ಲಿ ಮೇಲಕ್ಕೇರುತ್ತದೆ. ಎರಡು ಹಾಳೆಗಳನ್ನು ಎದುರುಬದುರು ಹಿಡಿದು ನಡುವೆ ಊದಿ, ಅವು ದೂರ ಸರಿಯುವ ಬದಲು ಒಂದಕ್ಕೊಂದು ಅಂಟಿಕೊಳ್ಳುವುದನ್ನು ನಾನು ತರಗತಿಯಲ್ಲಿ ತೋರಿಸುತ್ತಿದ್ದೆ. ಬರ್ನೂಲಿಯ ಆ ನಿಯಮವೇ ಇಲ್ಲಿಯೂ ಕೆಲಸ ಮಾಡುವುದು. ಕ್ಯಾಲಿಫೋರ್ನಿಯಾದ ತೋಟಗಾರರು ಈ ಪಂಪನ್ನು ಮೆಚ್ಚಿದರು. ಜಕೂಜಿ ಸೋದರರು ಪಂಪಿನ ವ್ಯಾಪಾರಿಗಳಾಗಿ ಹೆಸರಾದರು.

ಸೋದರರಲ್ಲಿ ಕಿರಿಯವನು ಕಾಂಡಿಡೊ. ಅವನಿಗೆ 1941ರಲ್ಲಿ ಕೆನೆತ್ ಎಂಬ ಮಗ ಹುಟ್ಟಿದ. ಮಗುವಿಗೆ ಎರಡು ತುಂಬುವ ಹೊತ್ತಿಗೆ ಗಂಟಲಿನ ಸೋಂಕೊಂದು ತಗಲಿ, ಅದರ ಬೆನ್ನಿಗೇ ತೀವ್ರವಾದ ಸಂಧಿವಾತ ಕಾಣಿಸಿಕೊಂಡಿತು. ಕೀಲುಕೀಲುಗಳು ಊದಿ, ಬಿಗಿದು, ಮುಟ್ಟಿದರೆ ಮಗು ಚೀರುವಂತಾಯಿತು. ಆಸ್ಪತ್ರೆಯಲ್ಲಿ ಸುಳಿನೀರಿನ ತೊಟ್ಟಿಯೊಳಗೆ ಕೂರಿಸಿ ಚಿಕಿತ್ಸೆ ಕೊಡುತ್ತಿದ್ದರು. ಆ ಹೊತ್ತಿನಲ್ಲಿ ನೋವು ತಗ್ಗುತ್ತಿತ್ತು. ಮನೆಗೆ ಬಂದ ಮೇಲೆ ಮತ್ತೆ ಅದೇ ಗೋಳು. ನೀರನ್ನು ಚಿಮ್ಮಿಸುವುದೇ ಕುಲಕಸುಬಾಗಿದ್ದ ತಂದೆ ತನ್ನನ್ನೇ ಕೇಳಿಕೊಂಡಿರಬೇಕು: ಬಾವಿಯೊಳಗೆ ಇಳಿಯುವ ಪಂಪು ಸ್ನಾನದ ತೊಟ್ಟಿಗೆ ಏಕೆ ಇಳಿಯಬಾರದು? 1940ರ ದಶಕದ ಕೊನೆಯಲ್ಲಿ ಅವನು ಮನೆಯ ಸ್ನಾನದ ತೊಟ್ಟಿಯೊಳಗೆ ಇಡಬಹುದಾದ ಒಂದು ಪುಟ್ಟ ಪಂಪನ್ನು ಮಾಡಿದ. ಅದು ನೀರಿನೊಡನೆ ಗಾಳಿಯನ್ನೂ ಸೆಳೆದು, ಎರಡನ್ನೂ ಬೆರೆಸಿ, ಮಗುವಿನ ಕೀಲುಗಳ ಮೇಲೆ ಮೃದುವಾಗಿ ಚಿಮ್ಮಿಸುತ್ತಿತ್ತು.

1956ರಲ್ಲಿ ಆ ಪಂಪು ‘ಜೆ-300’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಆಗ ಅದು ಐಷಾರಾಮದ ವಸ್ತುವಲ್ಲ, ರೋಗಿಗಳಿಗಾಗಿ ಮಾರುತ್ತಿದ್ದ ಚಿಕಿತ್ಸಾ ಸಾಧನ. 1968ರಲ್ಲಿ ಆ ಕುಟುಂಬದ ಮೂರನೆಯ ತಲೆಮಾರಿನ ರಾಯ್ ಜಕೂಜಿ ಎಂಬವನು ಪಂಪನ್ನು ತೊಟ್ಟಿಯ ಗೋಡೆಯೊಳಗೇ ಅಡಗಿಸಿ, ‘ರೋಮನ್ ಬಾತ್’ ಎಂಬ ಹೆಸರು ಕೊಟ್ಟು ಮಾರಾಟಕ್ಕೆ ತಂದ. ರೋಗಿಯ ಸಾಧನ ಶ್ರೀಮಂತರ ಸುಖವಾದದ್ದು ಅಲ್ಲಿಂದ ಮುಂದೆ. ಹೆಸರು ಎಷ್ಟು ಹಬ್ಬಿತೆಂದರೆ, ಬೇರೆಯವರು ಮಾಡಿದ ತೊಟ್ಟಿಯನ್ನೂ ಜನ ಜಕೂಜಿ ಎಂದೇ ಕರೆಯತೊಡಗಿದರು. ಮನೆಯೊಳಗಿನ ಕಲಹಗಳೂ ಬೆಳೆದು, 1979ರಲ್ಲಿ ಕುಟುಂಬವು ಕಂಪನಿಯನ್ನು ಕಿಡ್ಡ ಎಂಬ ಸಂಸ್ಥೆಗೆ ಮಾರಿಬಿಟ್ಟಿತು.

ಕೆನೆತ್ ಗುಣಮುಖನಾದನೇ? ಇಲ್ಲ. ಬೆಳೆದು ದೊಡ್ಡವನಾದ ಮೇಲೂ ಅವನಿಗೆ ಗಾಲಿಕುರ್ಚಿ ಬೇಕಾಯಿತು. ಅವನು ಓದಿದ, ಕೆಲಸ ಮಾಡಿದ, ಇಳಿವಯಸ್ಸಿನಲ್ಲಿ ತಂದೆಯ ಈ ಪಂಪಿನ ಕಥೆಯನ್ನು ಪುಸ್ತಕವಾಗಿಯೂ ಬರೆದ. ಆದರೆ ರೋಗ ಅವನನ್ನು ಬಿಡಲಿಲ್ಲ. ತಂದೆ ಮಾಡಿದ್ದು ರೋಗ ಕಳೆಯುವ ಯಂತ್ರವನ್ನಲ್ಲ. ನೋವಿನ ದಿನದಲ್ಲಿ ಒಂದಿಷ್ಟು ಹೊತ್ತಿನ ನೆಮ್ಮದಿ ಕೊಡುವ ಯಂತ್ರವನ್ನು. ಅದು ಸಣ್ಣದಲ್ಲ. ಆದರೆ ಅದಕ್ಕಿಂತ ದೊಡ್ಡದನ್ನು ಯಾವ ಅಂಗಡಿಯವನಾದರೂ ಮಾತು ಕೊಟ್ಟರೆ ನಂಬಬಾರದೆಂಬುದಕ್ಕೆ ಕೆನೆತನ ಬದುಕೇ ಸಾಕ್ಷಿ.

ಈ ನೆಮ್ಮದಿ ಬರುವುದು ಹೇಗೆ ಎಂಬುದರಲ್ಲೂ ಮಾಯವಿಲ್ಲ. ಕುತ್ತಿಗೆಯವರೆಗೆ ನೀರಿನಲ್ಲಿದ್ದರೆ ಆರ್ಕಿಮಿಡೀಸನ ನಿಯಮದಂತೆ ಮೈಭಾರದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಕಾಲುಗಳ ಮೇಲೆ ಬೀಳುತ್ತದೆ. ಬಿಸಿಗೆ ರಕ್ತನಾಳಗಳು ಹಿಗ್ಗುತ್ತವೆ, ಸ್ನಾಯುಗಳು ಸಡಿಲಗೊಳ್ಳುತ್ತವೆ. ಬೆಳಗಿನ ಬಿಗಿತ ಸ್ವಲ್ಪ ಹೊತ್ತು ಕರಗುತ್ತದೆ.

ಪೀಪಾಯಿಯಿಂದ ಹಿತ್ತಲಿಗೆ

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಧಾರೆಯೂ ಹರಿಯುತ್ತಿತ್ತು. 1960ರ ದಶಕದಲ್ಲಿ ಸಾಂತಾ ಬಾರ್ಬರಾದ ಸುತ್ತಮುತ್ತ ಕೆಲವರು ದ್ರಾಕ್ಷಾರಸದ ಹಳೆಯ ಮರದ ಪೀಪಾಯಿಗಳನ್ನು ತಂದು, ಬಿಸಿನೀರು ತುಂಬಿಸಿ, ಬಯಲಿನಲ್ಲಿ ಕೂರತೊಡಗಿದರು. ಹಾಟ್ ಟಬ್ ಎಂಬ ಹೆಸರು ನಿಜವಾಗಿ ಸಲ್ಲುವುದು ಈ ಮರದ ತೊಟ್ಟಿಗೆ. ಮುಂದೆ ಕೆಂಪುಮರದ ಹಲಗೆಗಳಿಂದ ಅದಕ್ಕೆಂದೇ ತೊಟ್ಟಿಗಳನ್ನು ಕಟ್ಟಿದರು. ಆಮೇಲೆ ಗಾಜುನಾರಿನ ಮತ್ತು ಅಕ್ರಿಲಿಕ್ಕಿನ ಅಚ್ಚಿನ ತೊಟ್ಟಿಗಳು ಬಂದವು. ಪೀಪಾಯಿಯವರ ಬಯಲಿನ ಕೂಟವೂ ಜಕೂಜಿಯವರ ಪಂಪೂ ಸೇರಿ ಇಂದಿನ ಹಿತ್ತಲಿನ ತೊಟ್ಟಿಯಾಯಿತು: ಒಳಗೇ ಪಂಪು, ಹೀಟರ್, ನೀರು ಸೋಸುವ ಫಿಲ್ಟರ್, ಮೇಲೊಂದು ದಪ್ಪನೆಯ ಮುಚ್ಚಳ.

ಸುಖ ಹಬ್ಬಿದ ಹಿಂದೆಯೇ ಅಪಾಯಗಳೂ ಗೋಚರಿಸಿದವು. ಅತಿಯಾದ ಬಿಸಿಯಲ್ಲಿ ಬಹಳ ಹೊತ್ತು ಕುಳಿತವರು, ಅದರಲ್ಲೂ ಮದ್ಯ ಕುಡಿದು ಕುಳಿತವರು, ಪ್ರಜ್ಞೆ ತಪ್ಪಿ ಸತ್ತ ಪ್ರಸಂಗಗಳಾದವು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 1979ರಲ್ಲಿ ಎಚ್ಚರಿಕೆ ಹೊರಡಿಸಿತು. ನೀರಿನ ಬಿಸಿ 104 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 40 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬ ಮಿತಿ ಹೀಗೆ ನೆಲೆಗೊಂಡಿತು.

ಎರಡನೆಯ ಅಪಾಯ ಕಣ್ಣಿಗೆ ಕಾಣದ್ದು. ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಉಗುರುಬೆಚ್ಚನೆಯ ನಿಂತ ನೀರಿನಲ್ಲಿ ಸೊಗಸಾಗಿ ಬೆಳೆಯುತ್ತದೆ. ಆ ನೀರನ್ನು ಕುಡಿದರಲ್ಲ, ಅದರ ತುಂತುರನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಕುತ್ತು. 1999ರಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್ಸ್ಪೆಲ್ ಎಂಬ ಊರಿನ ಹೂವಿನ ಪ್ರದರ್ಶನದಲ್ಲಿ ಮಾರಾಟಗಾರರು ಸುಳಿನೀರಿನ ತೊಟ್ಟಿಯನ್ನು ಚಾಲೂ ಮಾಡಿ ಇಟ್ಟಿದ್ದರು. ಜನ ಹೂವು ನೋಡುತ್ತಾ ಅದರ ಪಕ್ಕದಲ್ಲಿ ಹಾದು ಹೋದರು. ನೀರಿಗೆ ಇಳಿಯಲೂ ಇಲ್ಲ. ಕೆಲವೇ ದಿನಗಳಲ್ಲಿ ನೂರಾರು ಜನ ಹಾಸಿಗೆ ಹಿಡಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. 2019ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಜಾತ್ರೆಯೊಂದರಲ್ಲಿಯೂ ಪ್ರದರ್ಶನಕ್ಕಿಟ್ಟ ಹಾಟ್ ಟಬ್ಬುಗಳ ಬಳಿ ಹಾದುಹೋದವರಲ್ಲಿ ಇದೇ ರೋಗ ಕಾಣಿಸಿಕೊಂಡು ನಾಲ್ವರು ತೀರಿಕೊಂಡರು. ನಿಂತ ನೀರನ್ನು ಪ್ರತಿದಿನ ಕಾಯಬೇಕೆಂಬ ಪಾಠವನ್ನು ಇದಕ್ಕಿಂತ ಕಠೋರವಾಗಿ ಯಾರು ಕಲಿಸಬೇಕು?

ಗ್ರೇಮ್ ಎಂಬ ಹುಡುಗಿ

ಎರಡನೆಯ ಮಗುವಿನ ಕಥೆಯನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. ಆದರೂ ಬರೆಯಬೇಕು.

ವರ್ಜೀನಿಯಾ ಗ್ರೇಮ್ ಬೇಕರ್ ಏಳು ವರ್ಷದ ಹುಡುಗಿ. ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಜೇಮ್ಸ್ ಬೇಕರ್ ಅವರ ಮೊಮ್ಮಗಳು. ಚೆನ್ನಾಗಿ ಈಜಬಲ್ಲವಳು. 2002ರ ಜೂನ್ ತಿಂಗಳಿನಲ್ಲಿ ಪರಿಚಯದವರ ಮನೆಯ ಸಮಾರಂಭವೊಂದರಲ್ಲಿ ಅವಳು ಬಿಸಿನೀರಿನ ತೊಟ್ಟಿಗೆ ಇಳಿದಿದ್ದಳು. ತೊಟ್ಟಿಯ ತಳದಲ್ಲಿ ಪಂಪಿಗೆ ನೀರೆಳೆಯುವ ಕಿಂಡಿ ಇರುತ್ತದೆ. ಅದರ ಸೆಳೆತ ಅವಳನ್ನು ತಳಕ್ಕೆ ಅಂಟಿಸಿಬಿಟ್ಟಿತು. ತಾಯಿ ಎಷ್ಟು ಎಳೆದರೂ ಬಿಡಿಸಲಾಗಲಿಲ್ಲ. ಕೊನೆಗೆ ಇಬ್ಬರು ಗಂಡಸರು ಬಲವಾಗಿ ಎಳೆದಾಗ ಕಿಂಡಿಯ ಮುಚ್ಚಳವೇ ಮುರಿದು ಮಗು ಹೊರಬಂತು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಇದು ಹೇಗೆ ಸಾಧ್ಯವೆಂದು ಕೇಳುವವರಿಗಾಗಿ ಒಂದು ಲೆಕ್ಕ. ಕಿಂಡಿಯ ವ್ಯಾಸ 20 ಸೆಂಟಿಮೀಟರ್ ಎಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಮೈ ಅದನ್ನು ಪೂರ್ತಿ ಮುಚ್ಚಿ, ಹಿಂದಿನ ಒತ್ತಡ ವಾಯುಮಂಡಲದ ಅರ್ಧದಷ್ಟು ತಗ್ಗಿದರೆ, ಪ್ರತಿ ಚದರ ಸೆಂಟಿಮೀಟರಿಗೆ ಅರ್ಧ ಕಿಲೋದಂತೆ, ಮಗುವಿನ ಮೇಲೆ ಬೀಳುವುದು 150 ಕಿಲೋಗೂ ಮಿಗಿಲಾದ ಭಾರ. ಅದನ್ನು ಯಾವ ತಾಯಿ ಎತ್ತಿಯಾಳು? ಕೆನೆತನಿಗೆ ನೆಮ್ಮದಿ ಕೊಟ್ಟ ಅದೇ ನಿಯಮ, ಒತ್ತಡ ತಗ್ಗಿದೆಡೆಗೆ ನುಗ್ಗುವ ಅದೇ ನೀರು, ಈ ಮಗುವಿನ ಪ್ರಾಣ ತೆಗೆಯಿತು. ವಿಜ್ಞಾನದ ನಿಯಮಕ್ಕೆ ಕರುಣೆಯೂ ಇಲ್ಲ, ದ್ವೇಷವೂ ಇಲ್ಲ; ಅದನ್ನು ಹೇಗೆ ಕೂರಿಸಿದ್ದೇವೆ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಆ ತಾಯಿ ನ್ಯಾನ್ಸಿ ಬೇಕರ್ ಸುಮ್ಮನೆ ಕೂರಲಿಲ್ಲ. ಶಾಸನಸಭೆಯ ಮುಂದೆ ನಿಂತು ಮಗಳ ಸಾವನ್ನು ಮತ್ತೆ ಮತ್ತೆ ಹೇಳಿದರು. 2007ರ ಡಿಸೆಂಬರಿನಲ್ಲಿ ಮಗಳ ಹೆಸರಿನಲ್ಲೇ ಒಂದು ಕಾಯಿದೆ ಬಂದಿತು. ಮೈಯಿಂದ ಮುಚ್ಚಿಹೋಗದಂತಹ ಆಕಾರದ ಕಿಂಡಿಮುಚ್ಚಳ ಅಮೆರಿಕದಲ್ಲಿ ಕಡ್ಡಾಯವಾದದ್ದು ಇದರಿಂದ. ಹೊಸ ತೊಟ್ಟಿಗಳ ಕಿಂಡಿಯ ಮೇಲೆ ಉಬ್ಬಿದ ಜಾಲರಿಯಂತಹ ಮುಚ್ಚಳ ಕಂಡರೆ, ಅದರ ಹಿಂದೆ ಒಬ್ಬ ತಾಯಿಯ ಐದು ವರ್ಷಗಳ ಹೋರಾಟವಿದೆಯೆಂದು ತಿಳಿಯಿರಿ.

ಹಾಗಾದರೆ ಕೊಳ್ಳುವುದು ಹೇಗೆ?

ಈಗ ನನ್ನ ಶಿಷ್ಯೆಗೆ ಬರೆದ ಮಾತುಗಳು.

ಮಗೂ, ಅಂಗಡಿಗೆ ಹೋಗುವ ಮೊದಲು ಹಿತ್ತಲಿನಲ್ಲಿ ನಿಂತು ಒಂದು ಲೆಕ್ಕ ಮಾಡು. ಐದಾರು ಜನ ಕೂರುವ ತೊಟ್ಟಿಗೆ ಸುಮಾರು 1300 ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ಎಂದು ನಿನಗೆ ಹೇಳಿಕೊಟ್ಟಿದ್ದೇನೆ. ತೊಟ್ಟಿಯ ತೂಕ, ಕುಳಿತವರ ತೂಕ ಸೇರಿದರೆ ಎರಡು ಟನ್. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಜಾಗದ ಮೇಲೆ ಬಿದ್ದರೆ ಚದರ ಮೀಟರಿಗೆ 500 ಕಿಲೋ. ಮರದ ಡೆಕ್ಕನ್ನು ಸಾಮಾನ್ಯವಾಗಿ ಇಷ್ಟು ಭಾರಕ್ಕೆ ಕಟ್ಟಿರುವುದಿಲ್ಲ. ನೆಲದ ಮೇಲೆ ಸಮತಟ್ಟಾದ ಕಾಂಕ್ರೀಟ್ ಹಾಸು ಹಾಕಿಸು.

ಆಮೇಲೆ ವಿದ್ಯುತ್ತಿನ ಲೆಕ್ಕ. 1300 ಲೀಟರ್ ನೀರನ್ನು 18 ಡಿಗ್ರಿಯಿಂದ 38 ಡಿಗ್ರಿಗೆ ಏರಿಸಲು 26,000 ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತಿಗೆ 860 ಕಿಲೋ ಕ್ಯಾಲೊರಿ. ಅಂದರೆ ಒಂದು ಸಲ ಕಾಯಿಸಲು ಮೂವತ್ತು ಯೂನಿಟ್. ನಿಮ್ಮ ಕಡೆಯ 240 ವೋಲ್ಟಿನ ತೊಟ್ಟಿಗಳಲ್ಲಿರುವ 5.5 ಕಿಲೋವಾಟ್ ಹೀಟರಾದರೆ ಐದೂವರೆ ಗಂಟೆ. ಗೋಡೆಯ ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಹೀಟರಾದರೆ ಒಂದು ಇಡೀ ದಿನ. ಅಲ್ಲಿಂದ ಮುಂದೆ ನೀನು ದುಡ್ಡು ಕೊಡುವುದು ಸೋರಿಹೋಗುವ ಶಾಖಕ್ಕೆ. ಆದ್ದರಿಂದ ಜೆಟ್ಟುಗಳು ನಲವತ್ತೋ ಅರವತ್ತೋ ಎಂದು ಎಣಿಸಬೇಡ. ಗೋಡೆಯೊಳಗೆ ಶಾಖ ತಡೆಯುವ ನೊರೆ ಪೂರ್ತಿ ತುಂಬಿದೆಯೇ, ಮುಚ್ಚಳ ದಪ್ಪವಾಗಿ, ಬಿಗಿಯಾಗಿ ಕೂರುತ್ತದೆಯೇ ಎಂದು ನೋಡು. ಒಂದೇ ಪಂಪಿನ ಬಲವನ್ನು ಅರವತ್ತು ಬಾಯಿಗೆ ಹಂಚಿದರೆ ಯಾವುದಕ್ಕೂ ಬಲವಿರುವುದಿಲ್ಲ. ವಿದ್ಯುತ್ ಸಂಪರ್ಕವನ್ನು ಪರವಾನಗಿ ಇರುವವರಿಂದಲೇ ಮಾಡಿಸು. ಸೋರಿಕೆಯಾದ ಕ್ಷಣದಲ್ಲೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಇರಲೇಬೇಕು.

ಮೂರನೆಯದಾಗಿ ಅಮ್ಮ. ಈ ತೊಟ್ಟಿಗಳ ಗೋಡೆ ಸಾಮಾನ್ಯವಾಗಿ ಒಂದು ಮೀಟರಿನ ಹತ್ತಿರದ ಎತ್ತರ. ಮಂಡಿನೋವಿನವರಿಗಾಗಿ ಕೊಂಡ ತೊಟ್ಟಿಗೆ ಮಂಡಿನೋವಿನವರೇ ಹತ್ತಲಾಗದಿದ್ದರೆ ಏನು ಫಲ? ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗು. ಹಲವು ಅಂಗಡಿಗಳಲ್ಲಿ ನೀರು ತುಂಬಿದ ತೊಟ್ಟಿಯಲ್ಲಿ ಕುಳಿತು ನೋಡಲು ಬಿಡುತ್ತಾರೆ, ಸಂಕೋಚ ಬೇಡ. ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ, ಕಾಲು ನೆಲಕ್ಕೆ ತಾಗುವ ಆಸನ, ಇವು ಸಿಕ್ಕುವುದನ್ನು ಆರಿಸು. ರಕ್ತದೊತ್ತಡ, ಹೃದಯ, ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಮೊದಲು ಕೇಳು. 38 ಡಿಗ್ರಿಯಲ್ಲಿ ಹದಿನೈದು ನಿಮಿಷ ಸಾಕು. ಏಳುವಾಗ ನಿಧಾನವಾಗಿ ಏಳಲಿ. ಹಿಗ್ಗಿದ ರಕ್ತನಾಳಗಳಿಂದಾಗಿ ತಲೆ ಸುತ್ತುವುದುಂಟು. ಜಡೆಯನ್ನು ಎತ್ತಿ ಕಟ್ಟಲಿ, ಸೆರಗಿನಂತಹ ಸಡಿಲ ಬಟ್ಟೆ ಬೇಡ. ಕಿಂಡಿಯ ಸೆಳೆತಕ್ಕೆ ಉದ್ದ ಕೂದಲೂ ಬಟ್ಟೆಯೂ ಸಿಕ್ಕಿಕೊಂಡ ಪ್ರಸಂಗಗಳಿವೆ.

ಇನ್ನೊಂದು ಮಾತು, ದೀಪಾವಳಿಗೆ ಮುಂಚೆಯೇ ಹೇಳಿಬಿಡುತ್ತೇನೆ. ಎಣ್ಣೆ ಒತ್ತಿಕೊಂಡು ಈ ತೊಟ್ಟಿಗೆ ಇಳಿಯಕೂಡದು. ನೀರು ತುಂಬುವ ಹಬ್ಬದ ಹಂಡೆಯೇ ಬೇರೆ, ಇದೇ ಬೇರೆ. ಎಣ್ಣೆಯೂ ಸೀಗೆಪುಡಿಯೂ ಫಿಲ್ಟರನ್ನು ಕಟ್ಟಿಹಾಕುತ್ತವೆ, ಕ್ಲೋರಿನ್ನನ್ನು ತಿಂದುಹಾಕುತ್ತವೆ. ಜಪಾನೀಯರಂತೆ ಒಳಗೆ ಸ್ನಾನ ಮುಗಿಸಿ, ಆಮೇಲೆ ಇಳಿಯಿರಿ. ಬಿಸಿನೀರಿನಲ್ಲಿ ಕ್ಲೋರಿನ್ ಬೇಗ ಆವಿಯಾಗುವುದರಿಂದ ಪರೀಕ್ಷಾ ಪಟ್ಟಿ ಅದ್ದಿ ಪ್ರತಿದಿನ ನೋಡಬೇಕು. ಕ್ಲೋರಿನ್ ಹತ್ತು ಲಕ್ಷಕ್ಕೆ ಕನಿಷ್ಠ 3 ಪಾಲು, ಬ್ರೋಮಿನ್ ಬಳಸಿದರೆ ಕನಿಷ್ಠ 4 ಪಾಲು, ಪಿಎಚ್ 7.0ರಿಂದ 7.8ರ ನಡುವೆ ಇರಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಮೂರು ನಾಲ್ಕು ತಿಂಗಳಿಗೊಮ್ಮೆ ನೀರನ್ನೆಲ್ಲ ಖಾಲಿ ಮಾಡಿ ತೊಳೆಯಬೇಕು.

ಕೊನೆಯದಾಗಿ ನಿನ್ನ ಮಗಳು. ಐದು ವರ್ಷದ ಒಳಗಿನ ಮಕ್ಕಳನ್ನಂತೂ ಇಳಿಸಲೇಬಾರದು ಎನ್ನುತ್ತಾರೆ, ಅವಳಿಗೆ ಆರು. ಬಿಸಿ ತಗ್ಗಿಸಿ, ಐದು ನಿಮಿಷ, ನೀನು ಪಕ್ಕದಲ್ಲಿದ್ದಾಗ ಮಾತ್ರ. ತಲೆ ಮುಳುಗಿಸುವ ಆಟ ಬೇಡ. ಮುಚ್ಚಳಕ್ಕೆ ಬೀಗವಿರಲಿ, ಬೀಗದ ಕೈ ಅವಳಿಗೆ ಎಟುಕದಿರಲಿ. ಕಿಂಡಿಯ ಮುಚ್ಚಳ ಹೊಸ ಕಾನೂನಿಗೆ ಒಪ್ಪುವಂಥದೇ ಎಂದು ಅಂಗಡಿಯವನನ್ನು ಬಾಯಿಬಿಟ್ಟು ಕೇಳು. ಹಳೆಯ ತೊಟ್ಟಿ ಅಗ್ಗಕ್ಕೆ ಸಿಗುತ್ತದೆಂದು ಯಾರಾದರೂ ಹೇಳಿದರೆ ಮೊದಲು ಬಗ್ಗಿ ನೋಡಬೇಕಾದದ್ದು ಆ ಮುಚ್ಚಳವನ್ನೇ. ಪಂಪನ್ನು ಒಮ್ಮೆಗೇ ನಿಲ್ಲಿಸುವ ಸ್ವಿಚ್ಚು ಎಲ್ಲಿದೆಯೆಂದು ಮನೆಯ ದೊಡ್ಡವರಿಗೆಲ್ಲ ಗೊತ್ತಿರಲಿ.

ಇಷ್ಟೆಲ್ಲ ಓದಿದ ಮೇಲೆ ಕೊಳ್ಳಬೇಕೋ ಬೇಡವೋ ಎಂದು ನೀನು ಕೇಳಬಹುದು. ನನ್ನ ಉತ್ತರ ಒಂದೇ ಪ್ರಶ್ನೆಯಲ್ಲಿದೆ. ಪ್ರತಿದಿನ ಸಂಜೆ ಆ ನೀರನ್ನು ಪರೀಕ್ಷಿಸುವವರು, ಮುಚ್ಚಳದ ಬೀಗ ನೋಡುವವರು ನಿಮ್ಮ ಮನೆಯಲ್ಲಿ ಯಾರು? ಇಂಥವರೆಂದು ಹೆಸರು ಹೇಳಲು ಆದರೆ ಕೊಳ್ಳು. ಅಮ್ಮನಿಗೆ ಬೆಳಗಿನ ಒಂದು ಗಳಿಗೆ ಹಗುರವಾದೀತು. ಹೇಳಲಾಗದಿದ್ದರೆ, ಬಚ್ಚಲಿಗೆ ಒಂದು ಹಿಡಿಕಂಬಿ ಹಾಕಿಸಿ, ಒಂದು ಗಟ್ಟಿ ಪೀಠವಿಟ್ಟು, ಬೆಚ್ಚನೆಯ ನೀರನ್ನು ಮಂಡಿಯ ಮೇಲೆ ನೀನೇ ಎರಡು ಚೊಂಬು ಹೊಯ್ಯು. ಕಾಂಡಿಡೊ ಜಕೂಜಿ ಮಗನಿಗೆ ಮೊದಲು ಕೊಟ್ಟದ್ದು ಯಂತ್ರವನ್ನಲ್ಲ, ಗಮನವನ್ನು. ಯಂತ್ರ ಬಂದದ್ದು ಆಮೇಲೆ.

ಅವಳ ಮರುಪತ್ರ ಮೊನ್ನೆ ಬಂದಿತು. ತೊಟ್ಟಿಯನ್ನು ಇನ್ನೂ ಕೊಂಡಿಲ್ಲವಂತೆ. ಅಮ್ಮ ಅಂಗಡಿಗೆ ಹೋಗಿ, ನಾಲ್ಕು ತೊಟ್ಟಿ ಹತ್ತಿ ಇಳಿದು, ಒಂದನ್ನು ಮೆಚ್ಚಿದ್ದಾರಂತೆ. ಹಿತ್ತಲಿನಲ್ಲಿ ಕಾಂಕ್ರೀಟ್ ಹಾಕಿಸುವ ಮಾತು ನಡೆದಿದೆ. ನೀರು ಪರೀಕ್ಷಿಸುವವರ ಹೆಸರೆಂದು ಅವಳು ಅಳಿಯಂದಿರ ಹೆಸರನ್ನು ಬರೆದಿದ್ದಾಳೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದಾಳೆಂದು ನಂಬುತ್ತೇನೆ.